ಎರಡು ಸಲ ‘ಹೂಂ’, ನಾಲ್ಕು ನಿಮಿಷದ ತಪ್ಪು

ಬೆಳಗಿನ ಆರಕ್ಕೆ ಇನ್ನೂ ಎಂಟು ನಿಮಿಷ ಬಾಕಿ. ಹೊರಗೆ ಬೀದಿದೀಪಗಳು ಆರಬೇಕೋ ಬೇಡವೋ ಎಂದು ಮೀನಮೇಷ ಎಣಿಸುತ್ತಿವೆ. ತುರ್ತು ಕರೆ ಕೇಂದ್ರದ ಎರಡನೇ ಮಹಡಿಯಲ್ಲಿ, ಕಿಟಕಿಯೇ ಇಲ್ಲದ ಉದ್ದನೆಯ ಕೋಣೆಯಲ್ಲಿ, ಹದಿನೇಳನೇ ಮೇಜಿನ ಮುಂದೆ ಒಬ್ಬ ಹೆಂಗಸು ಹೆಡ್‌ಫೋನಿನ ಸ್ಪಂಜನ್ನು ಕರವಸ್ತ್ರದಿಂದ ಒರೆಸುತ್ತಿದ್ದಾರೆ. ಆಮೇಲೆ ಕುರ್ಚಿಯನ್ನು ಎರಡು ಬೆರಳಷ್ಟು ಮುಂದಕ್ಕೆ ಎಳೆದುಕೊಳ್ಳುತ್ತಾರೆ, ನೀರಿನ ಬಾಟಲಿಯನ್ನು ಎಡಗೈಗೆ ಎಟುಕುವಂತೆ ಇಡುತ್ತಾರೆ, ಕೈಬಳೆಗಳನ್ನು ತೆಗೆದು ಚೀಲಕ್ಕೆ ಹಾಕುತ್ತಾರೆ. ಬಳೆಯ ಸದ್ದಿಗೆ ಇನ್ನೊಬ್ಬರ ಉಸಿರಿನ ಸದ್ದು ಮುಚ್ಚಿಹೋಗಬಾರದಲ್ಲ.

ಈ ಹೆಂಗಸಿನ ಕಿವಿಗಳ ಬಗ್ಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಂಥ ಜೋಡಿ ಭೂಮಂಡಲದಲ್ಲಿ ಇನ್ನೊಂದಿಲ್ಲ. ನಾಲ್ಕನೇ ಬೀದಿಯಲ್ಲಿ ಇರುವೆ ಆಕಳಿಸಿದರೆ ಇಲ್ಲಿ ಇವರ ಎಡಗಿವಿ ನಿಮಿರುತ್ತದೆ. ಆ ಇರುವೆಗೆ ಬಂದಿರುವುದು ನಿದ್ದೆಯೋ ಬೇಸರವೋ ಎಂಬುದನ್ನು ಬಲಗಿವಿ ತೀರ್ಮಾನಿಸುತ್ತದೆ. ಫೋನಿನ ಆ ತುದಿಯಲ್ಲಿ ಒಬ್ಬರು ಸುಳ್ಳು ಹೇಳಲು ಬಾಯಿ ತೆರೆದರೆ, ಸುಳ್ಳು ಹೊರಬೀಳುವ ಮುಂಚೆಯೇ ಇವರಿಗೆ ಅದರ ಬಣ್ಣ ಕಾಣುತ್ತದೆ. ಹತ್ತೊಂಬತ್ತು ವರ್ಷದಿಂದ ಈ ಕಿವಿಗಳನ್ನು ಊರು ದುಡಿಸಿಕೊಳ್ಳುತ್ತಿದೆ. ಊರಿನಲ್ಲಿ ಒಬ್ಬರಿಗೂ ಇವರ ಮುಖ ಗೊತ್ತಿಲ್ಲ.

ಕೋಣೆಯಲ್ಲಿ ಮಾತ್ರ ಎಲ್ಲರಿಗೂ ಇವರು ‘ಹೂಂ ಅಕ್ಕ’. ಮುಂದಿನ ವರ್ಷ ನಿವೃತ್ತಿಯಾಗುವವರೂ ಅಕ್ಕ ಎನ್ನುತ್ತಾರೆ, ಮೊನ್ನೆ ಸೇರಿದವರೂ ಅಕ್ಕ ಎನ್ನುತ್ತಾರೆ.

ಆರು ಗಂಟೆ. ಮೊದಲ ಕರೆ. ಆ ಕಡೆ ಮೌನ.

“ತುರ್ತು ಸೇವೆ. ಎಲ್ಲಿದ್ದೀರಿ?”

ಉತ್ತರವಿಲ್ಲ. ಬೇರೆ ಮೇಜುಗಳಲ್ಲಾದರೆ ಮೂರು ಸಲ ಕೇಳಿ, ಕರೆ ಕತ್ತರಿಸಿ, ಮುಂದಿನದಕ್ಕೆ ಹೋಗುತ್ತಾರೆ. ನಿಯಮವೂ ಹಾಗೇ ಇದೆ. ಹೂಂ ಅಕ್ಕ ದನಿ ಇಳಿಸುತ್ತಾರೆ. “ಮಾತಾಡೋಕೆ ಆಗೋದಾದ್ರೆ ಮಾತಾಡಿ. ಆಗದಿದ್ರೆ ಬಾಯಿ ತೆರೀಬೇಡಿ, ಸುಮ್ನೆ ಹೂಂ ಅನ್ನಿ. ನಾನು ಕೇಳಿಸ್ಕೋತಿದೀನಿ.” ಮನಸ್ಸಿನಲ್ಲಿ ಇಪ್ಪತ್ತರವರೆಗೆ ಎಣಿಸುತ್ತಾರೆ. ಕೀಲಿಗೊಂಚಲಿನ ಸದ್ದು, ಬಟ್ಟೆ ಉಜ್ಜುವ ಸದ್ದು, ಯಾರೋ ಮೆಟ್ಟಿಲಿಳಿಯುತ್ತಾ ಸಿಳ್ಳೆ ಹಾಕುವ ಸದ್ದು. “ಜೇಬು,” ಎಂದು ತಮಗೆ ತಾವೇ ಹೇಳಿಕೊಂಡು ಕರೆ ಮುಗಿಸುತ್ತಾರೆ.

ಎಂಟು ಗಂಟೆಗಳ ಪಾಳಿಯಲ್ಲಿ ಇವರ ಮೇಜಿಗೆ ಸುಮಾರು ಇನ್ನೂರ ನಲವತ್ತು ಕರೆಗಳು. ಎಪ್ಪತ್ತು ಮೌನದವು, ಹಳೆಯ ಗುಂಡಿ ಫೋನುಗಳು ಜೇಬಿನಲ್ಲಿ ಒತ್ತಿಕೊಂಡು ತಾವಾಗಿ ಕರೆ ಮಾಡುವಂಥವು. ನಲವತ್ತು ತಮಾಷೆಯವು. ಮೂವತ್ತು ಜನ ಕರೆಂಟು ಯಾವಾಗ ಬರುತ್ತದೆ ಎಂದು ಕೇಳುತ್ತಾರೆ. ಒಬ್ಬ ಅಜ್ಜ ದಿನಾ ಎಂಟು ಗಂಟೆಗೆ ಕರೆ ಮಾಡಿ ಟೈಮ್ ಎಷ್ಟು ಎನ್ನುತ್ತಾನೆ. ನಿಜವಾಗಿ ಜೀವ ಹೋಗುವಂಥವು ಆರೋ ಏಳೋ. ಆ ಆರೇಳು ಉಳಿದ ಇನ್ನೂರ ಮೂವತ್ತರ ನಡುವೆ ಎಲ್ಲಿ ಕೂತಿವೆ ಎಂದು ಮೊದಲೇ ಹೇಳುವವರು ಯಾರೂ ಇಲ್ಲ. ಇವರಿಗಿರುವ ಭಯ ಅದೊಂದೇ, ಆದರೆ ಅದು ಬೆಟ್ಟದಷ್ಟು ದೊಡ್ಡದು. “ಕತ್ತರಿಸಿದ ಪ್ರತಿ ಕರೆ ಆದ್ಮೇಲೂ ಹೊಟ್ಟೇಲಿ ಒಂದು ಚಮಚ ತಣ್ಣೀರು ಹೊಯ್ದ ಹಾಗಾಗುತ್ತೆ,” ಎನ್ನುತ್ತಾರೆ. “ಪಾಳಿ ಮುಗಿಯೋ ಹೊತ್ತಿಗೆ ಒಂದು ಕೊಡ ತುಂಬಿರುತ್ತೆ.”

ಮಧ್ಯೆ ಎದ್ದು ಬಾತ್‌ರೂಮಿಗೆ ಹೋಗಬೇಕಾದರೆ ಮೇಜಿನ ಮೇಲೆ ಹಸಿರು ಚೀಟಿ ನಿಲ್ಲಿಸಿ ಮೇಲ್ವಿಚಾರಕಿಯ ಅನುಮತಿಗೆ ಕಾಯಬೇಕು. ಎಡಗಿವಿಯ ಒಳಗೆ ಹುಣ್ಣಾಗಿ ಎರಡು ಸಲ ಆಸ್ಪತ್ರೆ ಸೇರಿದ್ದಾರೆ. ಮನೆಯಲ್ಲಿ ಫೋನ್ ರಿಂಗಾದರೆ ಕೂತಲ್ಲಿ ಕೂರಲಾಗುವುದಿಲ್ಲ, ಎದ್ದು ನಿಲ್ಲುತ್ತಾರೆ. ಅವರ ಅತ್ತೆ ಬಂದವರ ಮುಂದೆಲ್ಲ ಒಂದೇ ದೂರು ಹೇಳುತ್ತಾರೆ: “ಇಡೀ ಊರಿನ ಗೋಳು ಕೇಳ್ತಾಳಪ್ಪ ನಮ್ಮ ಸೊಸೆ. ನಾನು ಅಯ್ಯೋ ಮಂಡಿ ನೋವು ಕಣೇ ಅಂದ್ರೆ, ‘ಎಲ್ಲಿದ್ದೀರಿ?’ ಅಂತಾಳೆ. ಎಲ್ಲಿರ್ತೀನಿ, ನಿನ್ನ ಮುಂದೇನೇ ಇದೀನಿ!”

ಬಾಯಿ ಮುಚ್ಚಿಕೊಂಡವರ ಭಾಷೆಯನ್ನು ಇವರು ಕಲಿತದ್ದು ಯಾವ ತರಬೇತಿಯಲ್ಲೂ ಅಲ್ಲ, ಗಂಡನಿಂದ. ಗಂಡ ದರ್ಜಿ. ಮನೆಯ ಮುಂಭಾಗದ ಕೋಣೆಯೇ ಅಂಗಡಿ. ಬೆಳಿಗ್ಗೆ ಗುಂಡುಪಿನ್ನುಗಳನ್ನು ತುಟಿಗಳ ನಡುವೆ ಕಚ್ಚಿಕೊಂಡರೆ ಮಧ್ಯಾಹ್ನ ಊಟಕ್ಕೇ ತೆಗೆಯುವುದು. ಅಲ್ಲಿಯವರೆಗೆ ಜಗತ್ತೇ ಮುಳುಗಿದರೂ ಆತ ಹೇಳುವುದು ಎರಡೇ: ಹೂಂ, ಊಹೂಂ. ಬಾಯಿ ತೆರೆಯದೆ ಆಡಬಹುದಾದ ಮಾತು ಕನ್ನಡದಲ್ಲಿ ಇವೆರಡೇ ಇರಬೇಕು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಹೂಂ ಅಕ್ಕ ಗಂಡನ ಹೂಂಗಳಲ್ಲಿ ಹದಿನಾಲ್ಕು ಜಾತಿ ಕಂಡುಹಿಡಿದಿದ್ದಾರೆ. ಒಪ್ಪಿದ ಹೂಂ, ಬೇಕಾಬಿಟ್ಟಿ ಹೂಂ, ಕಿವಿಗೇ ಹಾಕಿಕೊಳ್ಳದ ಹೂಂ, ‘ಆಮೇಲೆ ನೋಡೋಣ’ ಹೂಂ. ಹದಿನೈದನೆಯದು ಇದೆ ಎಂದು ಅವರ ಅನುಮಾನ. ಆತ ಇನ್ನೂ ಬಿಟ್ಟುಕೊಟ್ಟಿಲ್ಲ.

ಅವರ ಪ್ರಸಿದ್ಧ ನಿಯಮ ಹುಟ್ಟಿದ್ದೂ ಆ ಅಂಗಡಿಯಲ್ಲೇ. ಒಮ್ಮೆ ಗಿರಾಕಿಯೊಬ್ಬ ಬಾಗಿಲಲ್ಲಿ ನಿಂತು, “ನನ್ನ ಕೋಟು ಆಗಿಲ್ವಾ?” ಎಂದ. ದರ್ಜಿ ಪಿನ್ನುಗಳ ನಡುವಿನಿಂದ “ಹೂಂ” ಎಂದ. ಗಿರಾಕಿ ‘ಹೂಂ, ಆಗಿದೆ’ ಎಂದುಕೊಂಡು ಒಳಗೆ ನುಗ್ಗಿದ. ದರ್ಜಿ ಹೇಳಿದ್ದು ‘ಹೂಂ, ಆಗಿಲ್ಲ’ ಎಂದು. ಅರ್ಧ ತೋಳಿನ ಕೋಟು ಹಿಡಿದುಕೊಂಡು ಇಬ್ಬರೂ ಮಾಡಿದ ಜಗಳ ಮೂರು ಬೀದಿಗೆ ಕೇಳಿಸಿತು. ಅಂದಿನಿಂದ ಹೂಂ ಅಕ್ಕ ಹೊಸದಾಗಿ ಸೇರಿದವರಿಗೆಲ್ಲ ಮೊದಲ ದಿನವೇ ಹೇಳುವ ಪಾಠ ಇದು: ಮಾತಾಡಲು ಆಗದವರಿಗೆ ‘ಇಲ್ವಾ’ ಎಂದು ಮುಗಿಯುವ ಪ್ರಶ್ನೆ ಕೇಳಬಾರದು. ಬಾಗಿಲು ತೆರೆದಿದೆಯಾ ಎನ್ನಬೇಕು, ತೆರೆದಿಲ್ವಾ ಎನ್ನಬಾರದು. ‘ಇಲ್ವಾ’ಗೆ ಬರುವ ಹೂಂ ಆ ಕಡೆಗೂ ಬೀಳುತ್ತದೆ, ಈ ಕಡೆಗೂ ಬೀಳುತ್ತದೆ. ಈ ಪಾಠವನ್ನು ಅವರು ಕನಿಷ್ಠ ಲಕ್ಷ ಸಲ ಹೇಳಿರಬಹುದು. ಲಕ್ಷ ಹೆಚ್ಚಾಯಿತು ಎನ್ನುವವರು ಅವರ ಪಕ್ಕದ ಮೇಜಿನಲ್ಲಿ ಒಂದು ವಾರ ಕೂತು ನೋಡಲಿ.

ಎಂಟು ತಿಂಗಳ ಹಿಂದಿನ ಒಂದು ಮಂಗಳವಾರ ಬೆಳಿಗ್ಗೆ ಆ ಪಾಠವನ್ನು ಅವರೇ ಮರೆಯುತ್ತಾರೆ.

ಆರು ಗಂಟೆ ಹತ್ತೊಂಬತ್ತು ನಿಮಿಷ. ಕರೆ ಬರುತ್ತದೆ. ಮೌನ. ಹೂಂ ಅಕ್ಕ ಎಂದಿನ ಮಾತು ಹೇಳಿ ಎಣಿಸತೊಡಗುತ್ತಾರೆ. ಹನ್ನೊಂದಕ್ಕೆ ಬಂದಾಗ, ಮೂಗಿನಿಂದ ಹೊರಟ ಸಣ್ಣ, ಒದ್ದೆಯಾದ ಒಂದು ಸದ್ದು.

“ಹೂಂ.”

ಅದು ಜೇಬಲ್ಲ. ಮೇಜಿನ ಕೆಳಗಿನ ಗುಂಡಿ ಒತ್ತಿ ಮೇಲ್ವಿಚಾರಕಿಯನ್ನೂ ಸಾರಥಿಯನ್ನೂ ಎಚ್ಚರಿಸುತ್ತಾರೆ. ಸಾರಥಿ ಎಂದರೆ ಎದುರು ಮೇಜಿನಲ್ಲಿ ಕೂತು ಗಸ್ತು ವಾಹನಗಳನ್ನು ಅಲ್ಲಿಗೆ ಇಲ್ಲಿಗೆ ಓಡಿಸುವ ಐವತ್ತಾರರ ಮನುಷ್ಯ. ಇಡೀ ಊರಿನ ಗಾಡಿಗಳು ಆತನ ಬೆರಳ ತುದಿಯಲ್ಲಿ. ಸ್ವಂತಕ್ಕೆ ಸೈಕಲ್ಲು ತುಳಿಯಲು ಬಾರದು, ಅದಕ್ಕೇ ಆ ಹೆಸರು.

“ಯಾರಾದ್ರೂ ನಿನ್ನನ್ನ ಹಿಡಿದಿಟ್ಟಿದಾರಾ?”

“ಹೂಂ.”

“ಬಾಯಿ ಕಟ್ಟಿದಾರಾ?”

“ಹೂಂ.”

“ನೀನು ಹೆಣ್ಣುಮಗುನಾ, ಪುಟ್ಟಾ?”

“ಹೂಂ.”

ಹನ್ನೆರಡು ದಾಟಿದೆಯಾ, ಹದಿನೈದು ದಾಟಿದೆಯಾ, ಹದಿನಾರು ದಾಟಿದೆಯಾ. ಹೂಂ, ಹೂಂ, ಊಹೂಂ. ಹದಿನಾರರ ಹುಡುಗಿ. ಕಾರಿನಲ್ಲಿದೀಯಾ? ಊಹೂಂ. ವ್ಯಾನಿನಲ್ಲಾ? ಹೂಂ. ವ್ಯಾನ್ ಓಡ್ತಿದೆಯಾ? ಊಹೂಂ. ಗೋದಾಮಿನಂಥ ಖಾಲಿ ಜಾಗಾನಾ? ಹೂಂ. ಒಳಗೆ ಒಬ್ಬಳೇ ಇದೀಯಾ? ಹೂಂ. ಒಂದೊಂದು ಉತ್ತರವೂ ಮೂಗಿನ ತುದಿಯಲ್ಲಿ ನಡುಗಿ ಬರುತ್ತದೆ. ಹುಡುಗಿ ಓಟಗಾರ್ತಿ, ಬೆಳಗಿನ ಅಭ್ಯಾಸಕ್ಕೆ ಮೈದಾನಕ್ಕೆ ಹೊರಟವಳನ್ನು ಇಬ್ಬರು ಗಂಡಸರು ವ್ಯಾನಿನೊಳಕ್ಕೆ ಎಳೆದಿದ್ದಾರೆ ಎಂಬುದು ಆಮೇಲೆ ತಿಳಿದದ್ದು. ಅವಳ ಫೋನನ್ನು ದಾರಿಯಲ್ಲೇ ಎಸೆದಿದ್ದಾರೆ. ರಿಪೇರಿಗೆ ಕೊಡಲೆಂದು ಸೊಂಟದ ಒಳಜೇಬಿನಲ್ಲಿಟ್ಟುಕೊಂಡಿದ್ದ ಅಜ್ಜಿಯ ಗುಂಡಿ ಫೋನು ಅವರಿಗೆ ಸಿಕ್ಕಿಲ್ಲ. ಕಟ್ಟಿದ ಕೈಗಳ ಹೆಬ್ಬೆರಳಿನಿಂದ, ಕಣ್ಣಿಗೆ ಕಾಣದೆ ತಡವಿ, ಮೂರು ಅಂಕಿ ಒತ್ತಿದ್ದಾಳೆ.

ಆದರೆ ಗುಂಡಿ ಫೋನು ತಾನಿರುವ ಜಾಗವನ್ನು ಹೇಳುವುದಿಲ್ಲ. ಯಾವ ಟವರಿನ ಕೆಳಗಿದೆ ಎಂದಷ್ಟೇ ಗೊತ್ತಾಗುತ್ತದೆ. ಪರದೆಯ ಮೇಲೆ ಒಂದು ದೊಡ್ಡ ನೀಲಿ ವೃತ್ತ ಮೂಡುತ್ತದೆ. ವೃತ್ತದ ನಟ್ಟನಡುವೆ ನದಿ. ಈ ದಡದಲ್ಲಿ ಅರ್ಧ ಊರು, ಆ ದಡದಲ್ಲಿ ಅರ್ಧ ಊರು, ನಡುವೆ ಒಂದೇ ಒಂದು ಕಬ್ಬಿಣದ ಸೇತುವೆ. ಬೆಳಗಿನ ಹೊತ್ತು ಲಾರಿಗಳ ಸಾಲು; ದಾಟಲು ಹತ್ತು ನಿಮಿಷ. ಹತ್ತಿರದಲ್ಲಿ ಇರುವುದು ಎರಡು ಗಸ್ತು ವಾಹನ, ಎರಡೂ ಈ ದಡದಲ್ಲಿ.

ಸೇತುವೆಯ ಹಲಗೆಗಳು ಸಡಿಲ. ವಾಹನ ದಾಟಿದರೆ ಹೆಣವೂ ಎದ್ದು ಕೂರುವಂತೆ ಗಡಗಡಿಸುತ್ತವೆ. ಕಣ್ಣು ಕಟ್ಟಿದ್ದರೂ ಹುಡುಗಿಗೆ ಗೊತ್ತಾಗಿರುತ್ತದೆ. ಅವಳನ್ನು ಹಿಡಿದದ್ದು ಈ ದಡದಲ್ಲಿ ಎಂಬುದಕ್ಕೆ ಹೂಂ ಬಂದಾಗಿದೆ; ಇನ್ನು ಕೇಳಬೇಕಾದ್ದು ಒಂದೇ ಪ್ರಶ್ನೆ. ಹೂಂ ಅಕ್ಕ ಬಾಯಿ ತೆರೆಯುತ್ತಾರೆ. ಅದೇ ಕ್ಷಣಕ್ಕೆ ಫೋನಿನಲ್ಲಿ, ವ್ಯಾನಿನ ಹೊರಗೆ, ತೀರ ಹತ್ತಿರದಲ್ಲಿ ಗಂಡಸೊಬ್ಬ ಕೆಮ್ಮುತ್ತಾನೆ. ಅವಸರ ನಾಲಿಗೆಯನ್ನು ತಳ್ಳುತ್ತದೆ.

“ಸೇತುವೆ ದಾಟಿಲ್ವಾ?”

“ಹೂಂ. ಹೂಂ.”

“ದಾಟಿಲ್ಲ,” ಎಂದು ಹೂಂ ಅಕ್ಕ ಸಾರಥಿಗೆ ಹೇಳುತ್ತಾರೆ. “ಈ ದಡ.”

ಎರಡು ವಾಹನಗಳೂ ಈ ದಡದ ಹಳೆಯ ಗೋದಾಮುಗಳ ಕಡೆ ಧಾವಿಸುತ್ತವೆ. ಇಪ್ಪತ್ತೆರಡು ಮೇಜಿನ ಆ ಕೋಣೆಯಲ್ಲಿ ಒಬ್ಬರಿಗೂ ಅನುಮಾನ ಬರುವುದಿಲ್ಲ. ಹೂಂ ಅಕ್ಕ ಹೇಳಿದ ಮೇಲೆ ಮುಗಿಯಿತು. ಒಂದು ನಿಮಿಷ. ಎರಡು. ಹುಡುಗಿಯ ಉಸಿರು ಕೇಳಿಸುತ್ತಿದೆ, ಮೂಗು ಕಟ್ಟಿದವರ ಉಸಿರು, ಎಳೆದಾಗ ಗೊರ ಗೊರ. ಹೂಂ ಅಕ್ಕ ಪಿಸುಗುಡುತ್ತಾರೆ: “ಇಲ್ಲೇ ಇದೀನಿ ಪುಟ್ಟಾ. ನೀನೇನೂ ಮಾಡ್ಬೇಡ. ಉಸಿರಾಡ್ತಿರು ಅಷ್ಟೇ.” ಮೂರು. ಮೊದಲ ಗೋದಾಮು ಖಾಲಿ. ಎರಡನೆಯದರಲ್ಲಿ ನಾಯಿಗಳು. ನಾಲ್ಕು. ಮೂರನೆಯದಕ್ಕೆ ಹೊರಗಿನಿಂದ ಬೀಗ, ಬೀಗದ ಮೇಲೆ ಜೇಡನ ಬಲೆ.

ಸಾರಥಿ ತಿರುಗುತ್ತಾನೆ. ಆತನ ಮುಖದಲ್ಲಿ ಎಂದಿನ ಕೀಟಲೆಯಿಲ್ಲ. “ಅಕ್ಕಾ, ಅವಳು ಏನಂದ್ಲು? ಅವಳ ಬಾಯಲ್ಲಿ ಬಂದಿದ್ದನ್ನ ಹೇಳಿ.”

“ಹೂಂ ಅಂದ್ಲು.”

“ನೀವೇನು ಕೇಳಿದ್ರಿ?”

ಹೂಂ ಅಕ್ಕ ಹೇಳಲು ಬಾಯಿ ತೆರೆಯುತ್ತಾರೆ. “ದಾಟಿಲ್...” ಅಲ್ಲಿಗೆ ನಿಲ್ಲುತ್ತದೆ. ಮೈಯ ರಕ್ತವೆಲ್ಲ ಪಾದಕ್ಕಿಳಿದು, ಅಲ್ಲಿಂದ ನೆಲಕ್ಕಿಳಿದು, ಮೆಟ್ಟಿಲಿಳಿದು ಬೀದಿಗೆ ಹೋದಂತಾಗುತ್ತದೆ. “ಭೂಮಿ ಬಾಯಿ ಬಿಡಲಿ ಅಂತಾರಲ್ಲ,” ಎಂದು ಇವತ್ತು ಅವರು ಹೇಳುತ್ತಾರೆ, “ನನಗೆ ಹಾಗನ್ನಿಸಲಿಲ್ಲ. ಒಳಗೆ ಹೋಗಿ ಬಚ್ಚಿಟ್ಟುಕೊಳ್ಳೋಕೂ ಪುರುಸೊತ್ತಿರಲಿಲ್ಲ.”

ಮತ್ತೆ ಕೇಳಬೇಕು, ಸರಿಯಾಗಿ ಕೇಳಬೇಕು. “ಪುಟ್ಟಾ, ಸೇತುವೆ...” ಎನ್ನುವಷ್ಟರಲ್ಲಿ ಫೋನಿನಲ್ಲಿ ಕಬ್ಬಿಣ ಕಿರುಗುಟ್ಟುತ್ತದೆ. ವ್ಯಾನಿನ ಬಾಗಿಲು ತೆರೆಯುತ್ತಿದೆ. ಹೂಂ ಅಕ್ಕನ ಬೆರಳು ತಮ್ಮ ದನಿಯನ್ನು ಮುಚ್ಚುವ ಕೆಂಪು ಗುಂಡಿಗೆ ಬೀಳುತ್ತದೆ. ಅರ್ಧ ಕ್ಷಣ ತಡವಾಗಿದ್ದರೆ ಅವರ ಪಿಸುಮಾತು ಹುಡುಗಿಯ ಸೊಂಟದಿಂದ ಹೊರಗೆ ಬರುತ್ತಿತ್ತು.

“ಎದ್ದಿದಾಳೇನೋ?” ಗಂಡಸಿನ ದನಿ.

“ಎದ್ದು ಎಲ್ಲಿಗೆ ಹೋಗ್ತಾಳೆ?” ಇನ್ನೊಬ್ಬ. “ಏಳಕ್ಕೆ ಆ ಗಾಡಿ ಬರುತ್ತೆ. ಅದಕ್ಕೆ ಹತ್ತಿಸಿದ್ರೆ ನಮ್ಮ ಕೆಲಸ ಮುಗೀತು. ಆಮೇಲೆ ಅವರುಂಟು, ಇವಳುಂಟು.”

ಗಡಿಯಾರದಲ್ಲಿ ಆರು ಇಪ್ಪತ್ತೊಂಬತ್ತು. ಏಳಕ್ಕೆ ಬೇರೆ ವಾಹನ ಹತ್ತಿಸಿದರೆ ಮುಗಿಯಿತು. ಆಮೇಲೆ ಯಾವ ದಡವೂ ಇಲ್ಲ, ಯಾವ ವೃತ್ತವೂ ಇಲ್ಲ. ಬಾಗಿಲು ಮತ್ತೆ ಮುಚ್ಚುವುದಿಲ್ಲ. ಗಂಡಸರು ಅಲ್ಲೇ ಕೂತು ಸಿಗರೇಟು ಹಚ್ಚುತ್ತಾರೆ. ಇನ್ನು ಹುಡುಗಿಯನ್ನು ಏನೂ ಕೇಳುವಂತಿಲ್ಲ. ದನಿ ಮುಚ್ಚಿದೆ, ಅವರಿಗೆ ಕೇಳಿಸುವುದಿಲ್ಲ ಎಂದು ಗೊತ್ತಿದ್ದರೂ ಕೋಣೆಯಲ್ಲಿ ಎಲ್ಲರೂ ಪಿಸುಗುಡುತ್ತಾರೆ. ಕುರ್ಚಿಗಳು ಕೂಡ ಉಸಿರು ಬಿಗಿಹಿಡಿದಿವೆ.

“ಎರಡೂ ಗಾಡಿ ಆ ದಡಕ್ಕೆ ಕಳಿಸಿ,” ಎನ್ನುತ್ತಾರೆ ಹೂಂ ಅಕ್ಕ.

ಮೇಲ್ವಿಚಾರಕಿ ಅವರಿಗಿಂತ ಹತ್ತು ವರ್ಷ ಚಿಕ್ಕವರು. ಹೂಂ ಅಕ್ಕನ ಪಾಠ ಕೇಳಿಯೇ ಮೇಲೆ ಬಂದವರು. “ಒಂದನ್ನ ಈ ಕಡೆ ಇಟ್ಕೊಳ್ಳೋಣ ಅಕ್ಕಾ. ಅವಳು ‘ಹೂಂ, ದಾಟಿಲ್ಲ’ ಅಂತಾನೇ ಅಂದಿದ್ರೆ?”

“ಎರಡು ಸಲ ಅಂದ್ಲು ಮೇಡಂ. ಹೂಂ, ಹೂಂ. ಇಲ್ಲ ಅನ್ನೋದನ್ನ ಒಪ್ಪಿಕೊಳ್ಳೋರು ಒಂದೇ ಸಲ ಅಂತಾರೆ, ದನಿ ಕೆಳಗಿಳಿಯುತ್ತೆ. ಅವಳದ್ದು ಎರಡು ಸಲ ಬಂತು, ಎರಡನೇದು ಮೇಲಕ್ಕೆ ಹೋಯ್ತು. ‘ದಾಟಿದೆ, ದಾಟಿದೆ’ ಅಂತ ಗೋಗರೆದಳು. ನಾನೇ ಕೇಳಿಸ್ಕೊಳ್ಳಲಿಲ್ಲ.”

“ಖಾತ್ರಿನಾ?”

“ಇಲ್ಲ.”

ಹತ್ತೊಂಬತ್ತು ವರ್ಷದಲ್ಲಿ ಆ ಬಾಯಿಂದ ಆ ಮಾತು ಯಾರೂ ಕೇಳಿಲ್ಲ. “ಖಾತ್ರಿ ಇಲ್ಲ ಮೇಡಂ. ಆದ್ರೆ ಎರಡೂ ಕಳಿಸಿ. ಅವರು ಇಬ್ಬರಿದ್ದಾರೆ, ಒಂದು ಗಾಡಿಗೆ ನಿಭಾಯಿಸೋಕಾಗಲ್ಲ.”

ಮೇಲ್ವಿಚಾರಕಿ ಮೂರು ಸೆಕೆಂಡು ಯೋಚಿಸುತ್ತಾರೆ. ಮೂರು ಸೆಕೆಂಡಿನಲ್ಲಿ ಮೂರು ಸಾಮ್ರಾಜ್ಯ ಹುಟ್ಟಿ ಬಿದ್ದುಹೋಗಿರಬಹುದು. ಆಮೇಲೆ ತಲೆಯಾಡಿಸುತ್ತಾರೆ.

ಆ ದಡದಲ್ಲಿ ಗೋದಾಮುಗಳ ಎಂಟು ಬೀದಿ. ಒಂದೊಂದು ಬೀದಿಯಲ್ಲೂ ಹತ್ತಾರು ಬಾಗಿಲು. ಹುಡುಕುತ್ತಾ ಹೋದರೆ ಮಧ್ಯಾಹ್ನವಾಗುತ್ತದೆ. ಸೈರನ್ ಹಾಕಿ ಫೋನಿನಲ್ಲಿ ಎಲ್ಲಿ ಜೋರಾಗಿ ಕೇಳಿಸುತ್ತದೆ ನೋಡೋಣವೆಂದರೆ, ಆ ಇಬ್ಬರೂ ಎಚ್ಚೆತ್ತು ವ್ಯಾನ್ ಓಡಿಸಿಬಿಟ್ಟಾರು, ಇಲ್ಲವೇ ಇನ್ನೇನಾದರೂ ಮಾಡಿಯಾರು. ಆ ಇನ್ನೇನಾದರೂ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸಾರಥಿ ಪೆನ್ನಿನ ಮುಚ್ಚಳ ಕಚ್ಚುತ್ತಾ ಕೂತಿದ್ದವನು ತಟ್ಟನೆ ತಲೆಯೆತ್ತುತ್ತಾನೆ.

“ಬೆಳಿಗ್ಗೆ ಹೊತ್ತು ಬೀದೀಲಿ ಸದ್ದು ಮಾಡಿದ್ರೂ ಯಾರೂ ಅನುಮಾನಪಡದೇ ಇರೋ ಗಾಡಿ ಯಾವುದು ಹೇಳಿ?”

ಕಸದ ಲಾರಿ. ಹಾಡು ಹಾಕಿಕೊಂಡು ಬೀದಿಬೀದಿ ಸುತ್ತುವ ಕಸದ ಲಾರಿ. ಸಾರಥಿ ಆ ದಡದ ಕಸದ ಡಿಪೋಗೆ ಫೋನ್ ಹಚ್ಚುತ್ತಾನೆ. ಲಾರಿಯವನು ಆಗತಾನೇ ಕಾಫಿ ಲೋಟ ಕೈಗೆತ್ತಿಕೊಂಡಿದ್ದಾನೆ.

“ಗೋದಾಮು ಬೀದಿಗೆ ನನ್ನ ಸರದಿ ಎಂಟಕ್ಕೆ ಸ್ವಾಮಿ.”

“ಇವತ್ತು ಈಗಲೇ ಹೋಗ್ಬೇಕು ಕಣಪ್ಪ. ಒಂದು ಮಗು ಜೀವದ ವಿಷಯ. ಹಾಡು ಹಾಕ್ಕೊಂಡು ನಿಧಾನಕ್ಕೆ ಹೋಗು. ಎಲ್ಲೂ ಇಳೀಬೇಡ, ಯಾರನ್ನೂ ನೋಡ್ಬೇಡ. ಫೋನ್ ಮಾತ್ರ ಇಡಬೇಡ.”

ಆ ಕಡೆ ಲೋಟ ನೆಲಕ್ಕಿಟ್ಟ ಸದ್ದು. “ಹೊರಟೆ.”

ಆರು ನಲವತ್ತೊಂದು. ಗಸ್ತು ವಾಹನಗಳು ಸೇತುವೆಯ ಮೇಲೆ ಲಾರಿಗಳ ಹಿಂದೆ ಸಿಕ್ಕಿಕೊಂಡಿವೆ. ಹೂಂ ಅಕ್ಕ ಕಣ್ಣು ಮುಚ್ಚಿ, ಎರಡೂ ಅಂಗೈಯಿಂದ ಹೆಡ್‌ಫೋನನ್ನು ಕಿವಿಗೊತ್ತಿಕೊಂಡಿದ್ದಾರೆ. ಹುಡುಗಿಯ ಉಸಿರು, ಸಿಗರೇಟಿನ ಕೆಮ್ಮು, ಎಲ್ಲೋ ನೀರು ತೊಟ್ಟಿಕ್ಕುವುದು. ಹಾಡಿಲ್ಲ. ಲಾರಿ ಮೊದಲ ಬೀದಿ ಮುಗಿಸುತ್ತದೆ, ಎರಡನೆಯದು ಮುಗಿಸುತ್ತದೆ. ಹಾಡಿಲ್ಲ. ಈಗ ಅವರನ್ನು ಹಿಡಿದ ಭಯಕ್ಕೆ ಹೆಸರೇ ಇಲ್ಲ: ಆ ಎರಡನೇ ಹೂಂ ಕೂಡ ತಾನು ತಪ್ಪಾಗಿ ಕೇಳಿಸಿಕೊಂಡಿದ್ದರೆ? ಹುಡುಗಿ ಈ ದಡದಲ್ಲೇ ಇದ್ದು, ತಾನು ಗಾಡಿಗಳನ್ನೆಲ್ಲ ನದಿಯಾಚೆಗೆ ಅಟ್ಟಿಬಿಟ್ಟಿದ್ದರೆ?

ಮೂರನೇ ಬೀದಿ. ಏನೋ ಕೇಳಿಸಿತೇ? ಸೊಳ್ಳೆಯ ಗುಂಯ್‌ಗಿಂತ ತೆಳ್ಳಗೆ.

“ಇದೆ,” ಎನ್ನುತ್ತಾರೆ ಹೂಂ ಅಕ್ಕ, ಕಣ್ಣು ತೆರೆಯದೆ. “ದೂರದಲ್ಲಿದೆ. ಆ ದಡವೇ.”

ಯಾರೋ ಬಿಕ್ಕುತ್ತಾರೆ. ಅದು ಮೇಲ್ವಿಚಾರಕಿ.

“ಮುಂದಕ್ಕೆ ಹೋಗಲಿ. ಹತ್ರ ಬಂತು... ಇನ್ನೂ ಹತ್ರ... ಇಲ್ಲ, ದೂರ ಹೋಯ್ತು. ತಿರುಗಿಸೋಕೆ ಹೇಳಿ. ಹಿಂದಿನ ತಿರುವಿಗೆ.” ಲಾರಿ ಹಿಂದಕ್ಕೆ ಬರುತ್ತದೆ. ಹಾಡು ಫೋನಿನಲ್ಲಿ ಉಬ್ಬುತ್ತದೆ, ಸ್ಪಷ್ಟವಾಗುತ್ತದೆ, ಕಿವಿ ತುಂಬುತ್ತದೆ.

ಫೋನಿನಲ್ಲಿ ಗಂಡಸಿನ ದನಿ: “ಈ ಕಸದೋನು ಯಾಕೋ ಇವತ್ತು ಇಷ್ಟು ಬೇಗ ಬಂದ?”

ಹೂಂ ಅಕ್ಕನ ಹೃದಯ ನಿಲ್ಲುತ್ತದೆ. ವೈದ್ಯರು ಆಗುವುದಿಲ್ಲ ಎನ್ನಬಹುದು, ನಿಂತದ್ದು ನಿಜ. ಹೆಜ್ಜೆಯ ಸದ್ದು. ಒಬ್ಬ ಎದ್ದು ಬಾಗಿಲ ಕಡೆ ನಡೆಯುತ್ತಿದ್ದಾನೆ.

“ಲೋ, ಕೂತ್ಕೊಳ್ಳೋ,” ಎನ್ನುತ್ತಾನೆ ಇನ್ನೊಬ್ಬ. “ನಿನಗೇನು, ಕಸ ಹಾಕ್ಬೇಕಾ?”

ಹೆಜ್ಜೆ ನಿಲ್ಲುತ್ತದೆ. ಯಾರೋ ನಗುತ್ತಾರೆ. ಹಾಡು ಹಾಗೇ ಹಾದುಹೋಗುತ್ತದೆ.

“ಆರನೇ ಬೀದಿ,” ಎಂದು ಲಾರಿಯವನು ಉಸಿರುಗಟ್ಟಿದ ದನಿಯಲ್ಲಿ ಸಾರಥಿಗೆ ಹೇಳುತ್ತಾನೆ. “ಹಳೇ ಐಸ್ ಫ್ಯಾಕ್ಟರಿ ಗೋಡೆ ಪಕ್ಕ. ಬಾಗಿಲು ಒಂದು ಚೂರು ತೆಗೆದಿತ್ತು. ನಾನು ನೋಡಲಿಲ್ಲ ಸ್ವಾಮಿ. ಅಂದ್ರೆ... ನೋಡ್ದೆ. ಬಿಳೀ ವ್ಯಾನು.”

ಆರು ಐವತ್ತೆರಡಕ್ಕೆ ಗಸ್ತು ವಾಹನಗಳು ಸದ್ದಿಲ್ಲದೆ ಬಂದು ನಿಲ್ಲುತ್ತವೆ. ಹೂಂ ಅಕ್ಕನಿಗೆ ಮುಂದಿನದೆಲ್ಲ ಸದ್ದು ಮಾತ್ರ. ಕಬ್ಬಿಣಕ್ಕೆ ಕಬ್ಬಿಣ ಬಡಿದದ್ದು. ಬೈಗುಳ. ಯಾರೋ ದೊಪ್ಪನೆ ಬಿದ್ದದ್ದು. ಫೋನು ನೆಲಕ್ಕುರುಳಿದ್ದು. ಆಮೇಲೆ ಹುಡುಗಿಯ ಉಸಿರು ಕೇಳಿಸುವುದಿಲ್ಲ. ಆರು ಐವತ್ತೆರಡರಿಂದ ಐವತ್ನಾಲ್ಕರವರೆಗೆ ಕೇಳಿಸುವುದೇ ಇಲ್ಲ. ಮೂವತ್ತೈದು ನಿಮಿಷದಿಂದ ಕಿವಿಯಲ್ಲಿ ಹಿಡಿದುಕೊಂಡಿದ್ದ ಉಸಿರು ಅದು. ಹೂಂ ಅಕ್ಕನ ಕೈ ಮೇಜಿನ ಅಂಚನ್ನು ಎಷ್ಟು ಗಟ್ಟಿಯಾಗಿ ಹಿಡಿದಿತ್ತೆಂದರೆ ಅಲ್ಲಿನ ಬಣ್ಣ ಉಗುರಿನೊಳಗೆ ಸೇರಿಕೊಂಡಿತು.

ಕೊನೆಗೆ ಫೋನನ್ನು ಯಾರೋ ಎತ್ತಿಕೊಳ್ಳುತ್ತಾರೆ. ಹೆಂಗಸಿನ ದನಿ, ಏದುಸಿರು. “ಕೇಂದ್ರ, ಕೇಳಿಸ್ತಿದೆಯಾ? ಹುಡುಗಿ ಸಿಕ್ಕಿದ್ಲು. ಕೈಗೆ ಗಾಯ ಆಗಿದೆ, ಬೇರೇನಿಲ್ಲ. ಬಾಯಿ ಟೇಪು ತೆಗೀತಿದೀವಿ.” ಅಷ್ಟು ಹೇಳಿ ಕರೆ ಕಡಿದುಹೋಗುತ್ತದೆ, ಅಜ್ಜಿಯ ಫೋನಿನ ಚಾರ್ಜು ಮುಗಿದಿದೆ. ಹುಡುಗಿಯ ಬಾಯಿಂದ ಒಂದು ಪೂರ್ತಿ ಮಾತನ್ನು ಹೂಂ ಅಕ್ಕ ಇವತ್ತಿನವರೆಗೂ ಕೇಳಿಲ್ಲ.

ಕೋಣೆಯಲ್ಲಿ ಕೂಗಾಟ, ಅಳು, ಚಪ್ಪಾಳೆ. ಸಾರಥಿ ತನ್ನ ಕುರ್ಚಿಯ ಸಮೇತ ಒಂದು ಸುತ್ತು ತಿರುಗುತ್ತಾನೆ. ಹದಿನೇಳನೇ ಮೇಜಿನ ದೀಪ ಮತ್ತೆ ಮಿನುಗುತ್ತದೆ. ಹೂಂ ಅಕ್ಕ ನೀರು ಕುಡಿಯಬೇಕೆಂದು ಬಾಟಲಿ ಎತ್ತುತ್ತಾರೆ. ಬಾಟಲಿ ಕೆಳಗಿಟ್ಟು ಗುಂಡಿ ಒತ್ತುತ್ತಾರೆ.

“ತುರ್ತು ಸೇವೆ. ಎಲ್ಲಿದ್ದೀರಿ?”

“ಬಾತ್‌ರೂಮಲ್ಲಿ,” ಎನ್ನುತ್ತಾನೆ ಒಬ್ಬ. “ಒಳಗಿಂದ ಚಿಲಕ ಸಿಕ್ಕಾಕ್ಕೊಂಡಿದೆ. ಹೆಂಡತಿ ಹೊರಗಿಂದ ನಗ್ತಿದಾಳೆ.”

ಆ ಇಬ್ಬರು ಗಂಡಸರು ಯಾರು, ಏಳು ಗಂಟೆಗೆ ಬರಬೇಕಿದ್ದ ಗಾಡಿ ಯಾರದ್ದು ಎಂಬುದೆಲ್ಲ ಈಗ ನ್ಯಾಯಾಲಯದಲ್ಲಿದೆ. ಇಲ್ಲಿ ಹೇಳಬೇಕಾದ್ದು ಆ ದಿನ ಮಧ್ಯಾಹ್ನ ಎರಡು ಗಂಟೆಗೆ, ಪಾಳಿ ಮುಗಿದ ಮೇಲೆ, ಹೂಂ ಅಕ್ಕ ಬರೆದ ವರದಿಯ ವಿಷಯ. ಅದರ ಎರಡನೇ ಸಾಲು ಹೀಗಿದೆ: ‘ಆರು ಇಪ್ಪತ್ನಾಲ್ಕರಿಂದ ಇಪ್ಪತ್ತೆಂಟರವರೆಗೆ ನನ್ನ ತಪ್ಪು ಪ್ರಶ್ನೆಯಿಂದ ವಾಹನಗಳು ತಪ್ಪು ದಡದಲ್ಲಿದ್ದವು.’ ಮೇಲ್ವಿಚಾರಕಿ ಓದಿ, ಸುತ್ತ ನೋಡಿ, “ಇದನ್ನ ಬರೀಲೇಬೇಕಾ ಅಕ್ಕಾ? ಯಾರಿಗೂ ಗೊತ್ತಾಗಲ್ಲ,” ಎಂದರಂತೆ. “ಆ ಮಗುಗೆ ಗೊತ್ತು,” ಎಂದರಂತೆ ಹೂಂ ಅಕ್ಕ.

ಆಮೇಲೆ ಆರು ತಿಂಗಳು ಅವರು ಕರೆಯ ಮಧ್ಯೆ ತಡವರಿಸಿದ್ದಾರೆ. ಪ್ರಶ್ನೆ ಕೇಳುವ ಮೊದಲು ಅದನ್ನು ಕಾಗದದ ಮೇಲೆ ಬರೆದುಕೊಂಡು, ಕೊನೆಯ ಅಕ್ಷರ ನೋಡಿ, ಆಮೇಲೆ ಕೇಳುತ್ತಿದ್ದರು. ನಿದ್ದೆಯಲ್ಲಿ ಗಡಗಡ ಸೇತುವೆ. ಒಂದು ದಿನ ಗಂಡ ಪಿನ್ನುಗಳನ್ನೆಲ್ಲ ತುಟಿಯಿಂದ ತೆಗೆದು ಡಬ್ಬಿಗೆ ಹಾಕಿ, ಹಾಡಹಗಲು ಹನ್ನೊಂದು ಗಂಟೆಗೆ, ಬಾಯಿ ತುಂಬ ಮಾತಾಡಿದನಂತೆ. “ಏನಂದ್ರು ಅಂತ ಹೇಳಲ್ಲ,” ಎಂದು ಹೂಂ ಅಕ್ಕ ನಾಚುತ್ತಾರೆ. “ಉದ್ದ ಇತ್ತು. ಅಷ್ಟು ಮಾತು ಅವರ ಹತ್ರ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.”

ಈಗ ಆ ಕರೆ ಪಾಠವಾಗಿದೆ. ಹೊಸಬರ ತರಬೇತಿಯಲ್ಲಿ ಅದರ ಧ್ವನಿಮುದ್ರಿಕೆ ಕೇಳಿಸಬೇಕೆಂದು ಮೇಲಿನ ಕಚೇರಿಯಿಂದ ಆದೇಶ ಬಂದಿದೆ. ಜೊತೆಗೆ ಹೂಂ ಅಕ್ಕನಿಗೆ ಒಂದು ಫಲಕ, ಶಾಲು, ಸಭೆ. ಸಭೆಗೆಂದು ಕಚೇರಿಯವರು ಮುದ್ರಿಕೆಯನ್ನು ಚೊಕ್ಕ ಮಾಡಿ ತಂದರು. ಮೊದಲ ಹೂಂ ಇತ್ತು, ಕಸದ ಲಾರಿಯ ಹಾಡಿತ್ತು, ‘ಹುಡುಗಿ ಸಿಕ್ಕಿದ್ಲು’ ಇತ್ತು. ‘ಇಲ್ವಾ’ ಇರಲಿಲ್ಲ. ಜೇಡನ ಬಲೆಯ ಬೀಗ ಇರಲಿಲ್ಲ. ಸಾರಥಿ ತಿರುಗಿ ಕೇಳಿದ್ದೂ ಇರಲಿಲ್ಲ. ಹೂಂ ಅಕ್ಕ ಕೇಳಿ ಮುಗಿಸಿ, ಶಾಲು ಬೇಡ, ಫಲಕ ಬೇಡ, ನಾನು ಬರಲ್ಲ ಎಂದುಬಿಟ್ಟರು. ಮೂರು ಹಂತದ ಅಧಿಕಾರಿಗಳು ಬಂದು ಸಮಾಧಾನ ಹೇಳಿದರು. ಕೇಂದ್ರದ ಮರ್ಯಾದೆಯ ಪ್ರಶ್ನೆ, ಹೊಸಬರಿಗೆ ಧೈರ್ಯ ಬರಬೇಕು, ಕೇಳುವುದಕ್ಕೂ ಚೆನ್ನಾಗಿರಬೇಕು. ಯಾವುದಕ್ಕೂ ಅವರು ಜಗ್ಗಲಿಲ್ಲ. ಸಭೆ ನಡೆಯಲಿಲ್ಲ. ಶಾಲು ಕಪಾಟಿನಲ್ಲೇ ಇದೆ.

ಕಳೆದ ತಿಂಗಳಿನಿಂದ ಹೊಸಬರು ಪೂರ್ತಿ ಮುದ್ರಿಕೆ ಕೇಳುತ್ತಿದ್ದಾರೆ, ಒಂದು ಉಸಿರನ್ನೂ ಬಿಡದೆ. ಪ್ರತಿ ಸಲವೂ ಹೂಂ ಅಕ್ಕ ಕೋಣೆಯ ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತಾರೆ. ಆ ಭಾಗ ಬಂದಾಗ ಎದ್ದು ಹೋಗುವುದಿಲ್ಲ.

“ನನಗೆ ಮಾನ ಹೋಗುತ್ತೆ ಅಂತ ಕತ್ತರಿಸೋಕೆ ಹೊರಟಿದ್ರು,” ಎನ್ನುತ್ತಾರೆ, ಹೆಡ್‌ಫೋನಿನ ವಯರನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ. “ಆ ನಾಲ್ಕು ನಿಮಿಷ ನನಗೊಬ್ಬಳಿಗೆ ಸೇರಿದ್ದಲ್ಲ. ಆ ಮಗು ಆ ನಾಲ್ಕು ನಿಮಿಷಾನೂ ಅಲ್ಲೇ ಇದ್ಲು, ಕತ್ತಲಲ್ಲಿ, ಬಾಯಿ ಕಟ್ಟಿಸ್ಕೊಂಡು, ನಾನು ಸರಿಯಾಗಿ ಕೇಳಿಸ್ಕೊಂಡಿದೀನಿ ಅಂತ ನಂಬ್ಕೊಂಡು. ಅದನ್ನ ಕತ್ತರಿಸೋಕೆ ನಾವ್ಯಾರು?”